ಕಿಡ್ನಿಯ ರಕ್ತನಾಳ ನೋಡಲು ಸಿಟಿ ಆಂಜಿಯೋ: ಮಾಡಿಸಬೇಕಾ, ಹೇಗೆ ಮಾಡಿಸಬೇಕು, ಆಮೇಲೇನು?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ಹಲವು ವರ್ಷಗಳಿಂದ ಬಿಪಿ ಇದೆ. ಒಂದು ವರ್ಷದಿಂದ ಮೂರು ಬಗೆಯ ಮಾತ್ರೆ ಕೊಟ್ಟರೂ ಮೇಲಿನ ಅಂಕಿ 170ರ ಕೆಳಗೆ ಇಳಿಯುತ್ತಿಲ್ಲ. ಟೆಲ್ಮಿಸಾರ್ಟನ್ ಎಂಬ ಬಿಪಿ ಮಾತ್ರೆ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ (ಕಿಡ್ನಿ ಕೆಲಸ ಕುಗ್ಗಿದರೆ ರಕ್ತದಲ್ಲಿ ಏರುವ ಅಂಶ) 1.1ರಿಂದ 1.6ಕ್ಕೆ ಏರಿತು. ಅದನ್ನು ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟರು, ಈಗ 1.2ಕ್ಕೆ ಬಂದು ನಿಂತಿದೆ. ಡಾಪ್ಲರ್ ಎಂಬ ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಬಲ ಕಿಡ್ನಿ 10.6 ಸೆಂ.ಮೀ., ಎಡ ಕಿಡ್ನಿ 8.9 ಸೆಂ.ಮೀ. ಇದೆ. ಗ್ಯಾಸ್ ಅಡ್ಡ ಬಂದು ಎಡ ರಕ್ತನಾಳದ ಬುಡ ಕಾಣಲಿಲ್ಲ ಎಂದು ಬರೆದಿದ್ದಾರೆ. ಈಗ ಸಿಟಿ ಆಂಜಿಯೋ ಮಾಡಿಸಿ ಎನ್ನುತ್ತಿದ್ದಾರೆ. ನಾಳ ಕಾಣಲೆಂದು ಚುಚ್ಚುವ ಡೈ ಕೊಟ್ಟರೆ ಇರುವ ಕಿಡ್ನಿಯೂ ಹಾಳಾಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಡ್ಯುಯಲ್ ಎನರ್ಜಿ, ಫೋಟಾನ್ ಕೌಂಟಿಂಗ್ ಎಂಬ ಹೊಸ ಮಷಿನ್‌ಗಳಿವೆಯಂತೆ, ಅದರಲ್ಲೇ ಮಾಡಿಸಬೇಕಾ? ಬ್ಲಾಕ್ ಕಂಡರೆ ಸ್ಟೆಂಟ್ ಹಾಕಿಸಲೇಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಈ ಸ್ಕ್ಯಾನ್ ಕೇಳಿರುವುದು ಸರಿಯಾಗಿಯೇ ಇದೆ. ಕ್ರಿಯಾಟಿನಿನ್ 1.2ರಲ್ಲಿ ಸ್ಥಿರವಾಗಿದ್ದರೆ ಡೈಗೆ ಅಷ್ಟು ಹೆದರಬೇಕಾಗಿಲ್ಲ. ಹೊಸ ಮಷಿನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಸ್ಟೆಂಟ್ ಮಾತ್ರ ಬೇರೆಯೇ ಪ್ರಶ್ನೆ, ಅದಕ್ಕೆ ಸಿಟಿ ಒಂದರಿಂದಲೇ ಉತ್ತರ ಸಿಗುವುದಿಲ್ಲ. ನಾಳ ಎಲ್ಲಿ, ಎಷ್ಟು ಕಿರಿದಾಗಿದೆ ಎಂದು ಸಿಟಿ ತೋರಿಸುತ್ತದೆ. ಆ ಕಿರಿದಾದ ಜಾಗವೇ ಬಿಪಿಗೆ ಕಾರಣವಾ, ತೆರೆದರೆ ಬಿಪಿ ಇಳಿಯುತ್ತದಾ ಎಂಬುದನ್ನು ಅದು ಹೇಳುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಸ್ಕ್ಯಾನ್ ಮಾಡಿಸಿಕೊಂಡವರು ರಿಪೋರ್ಟ್‌ನಲ್ಲಿ ಒಂದು ಶೇಕಡಾ ಅಂಕಿ ನೋಡಿ ಗಾಬರಿಯಾಗುವುದನ್ನು ಜಾಸ್ತಿ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅನುಮಾನ ಯಾಕೆ ಬಂತು ನೋಡಿ. ನಿಮ್ಮ ತಾಯಿಯಲ್ಲಿ ಮೂರು ಸುಳಿವುಗಳಿವೆ. ಮೂರು ಔಷಧಿಗೂ ಬಗ್ಗದ ಬಿಪಿ ಒಂದು. ಇಲ್ಲಿ ಆ ಮೂರರಲ್ಲಿ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಒಂದಿದೆಯಾ ಎಂದು ಖಚಿತ ಮಾಡಿಕೊಳ್ಳಿ, ಅದಿಲ್ಲದಿದ್ದರೆ 'ಔಷಧಿಗೆ ಬಗ್ಗದ ಬಿಪಿ' ಎಂದು ಹೇಳುವುದು ಅವಸರವಾಗುತ್ತದೆ. ಎರಡು ಕಿಡ್ನಿಗಳ ಉದ್ದದಲ್ಲಿ 1.7 ಸೆಂ.ಮೀ. ವ್ಯತ್ಯಾಸ ಇರುವುದು ಇನ್ನೊಂದು. 1.5 ಸೆಂ.ಮೀ. ದಾಟಿದರೆ ನಾವು ಸುಮ್ನೆ ಬಿಡುವುದಿಲ್ಲ, ಚಿಕ್ಕ ಕಿಡ್ನಿಗೆ ರಕ್ತ ಸಾಲುತ್ತಿಲ್ಲವಾ ಎಂದು ಕೇಳುತ್ತೇವೆ. ಮೂರನೆಯದು ಟೆಲ್ಮಿಸಾರ್ಟನ್ ಕಥೆ. ನನಗೆ ಅತಿ ಮುಖ್ಯ ಅನಿಸಿದ್ದು ಅದೇ.

ಕಿಡ್ನಿಗೆ ಹೋಗುವ ನಾಳ ಕಿರಿದಾದಾಗ ಒಳಗೆ ರಕ್ತದ ಒತ್ತಡ ಬೀಳುತ್ತದೆ. ಇಡೀ ದೇಹದಲ್ಲೇ ಬಿಪಿ ಕಡಿಮೆಯಾಗಿದೆ ಎಂದು ಕಿಡ್ನಿ ತಪ್ಪು ತಿಳಿದು ರೆನಿನ್ ಎಂಬ ರಾಸಾಯನಿಕ ಬಿಡುಗಡೆ ಮಾಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್ ಹುಟ್ಟುತ್ತದೆ, ಎಲ್ಲ ಕಡೆ ನಾಳಗಳು ಬಿಗಿಯುತ್ತವೆ, ಉಪ್ಪು ನೀರು ಒಳಗೇ ಉಳಿಯುತ್ತವೆ, ಬಿಪಿ ಏರುತ್ತದೆ. ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲಿ ನಾಯಿಗಳ ಕಿಡ್ನಿ ನಾಳಕ್ಕೆ ಕ್ಲಿಪ್ ಹಾಕಿ ಬಿಪಿ ಏರುವುದನ್ನು ತೋರಿಸಿದ್ದು ಇದನ್ನೇ. ಈಗ ಮುಖ್ಯ ವಿಷಯಕ್ಕೆ ಬನ್ನಿ. ಕಿಡ್ನಿಯೊಳಗೆ ರಕ್ತ ಸೋಸುವ ಶೋಧಕಗಳಿಂದ ರಕ್ತ ಹೊರಹೋಗುವ ಸಣ್ಣ ನಾಳವನ್ನು ಬಿಗಿ ಹಿಡಿದು, ಒಳಗಿನ ಒತ್ತಡ ಬೀಳದಂತೆ ನೋಡಿಕೊಳ್ಳುವುದೂ ಇದೇ ಆಂಜಿಯೋಟೆನ್ಸಿನ್. ಟೆಲ್ಮಿಸಾರ್ಟನ್ ಆ ಹಿಡಿತವನ್ನು ಬಿಡಿಸುತ್ತದೆ. ನಾಳ ಚೆನ್ನಾಗಿರುವವರಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ, ಕ್ರಿಯಾಟಿನಿನ್ ಚೂರು ಏರಿ ನಿಲ್ಲುತ್ತದೆ. ಶೇಕಡಾ 30ಕ್ಕಿಂತ ಜಾಸ್ತಿ ಏರಿದರೆ ನಾಳ ನೋಡಬೇಕು ಎಂಬುದು ರೂಢಿಯಲ್ಲಿರುವ ಮಾತು. ನಿಮ್ಮ ತಾಯಿಗೆ ಸುಮಾರು ಶೇಕಡಾ 45 ಏರಿದೆ.

ಒಂದೇ ಕಡೆ ನಾಳ ಕಿರಿದಾಗಿದ್ದು ಇನ್ನೊಂದು ಕಿಡ್ನಿ ಚೆನ್ನಾಗಿದ್ದರೆ ಸಾಮಾನ್ಯವಾಗಿ ಕ್ರಿಯಾಟಿನಿನ್ ಇಷ್ಟು ಏರುವುದಿಲ್ಲ, ಆ ಇನ್ನೊಂದು ಕಿಡ್ನಿ ಸಂಭಾಳಿಸುತ್ತದೆ. ಇಷ್ಟು ಏರಿದೆ ಎಂದರೆ ಬಲ ನಾಳವೂ ಕಿರಿದಾಗಿರಬಹುದು, ಇಲ್ಲವೇ ಬಲ ಕಿಡ್ನಿ ವರ್ಷಗಟ್ಟಲೆ ಬಿಪಿ ತಿಂದು ಒಳಗೇ ಸವೆದಿರಬಹುದು, ಅಥವಾ ಆ ದಿನಗಳಲ್ಲಿ ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾಗಿತ್ತು, ನೋವಿನ ಮಾತ್ರೆ ತೆಗೆದುಕೊಂಡಿದ್ದರು ಎಂಬಂಥ ಕಾರಣವೂ ಇರಬಹುದು. ಆದ್ದರಿಂದ ಎಲ್ಲರ ಕಣ್ಣು ಚಿಕ್ಕದಾದ ಎಡ ಕಿಡ್ನಿಯ ಮೇಲೇ ಇದ್ದರೂ, ಸಿಟಿ ಓದುವವರು ಬಲ ನಾಳವನ್ನೂ ಅಷ್ಟೇ ಗಮನವಿಟ್ಟು ನೋಡಬೇಕು. ರೆಫರಲ್ ಚೀಟಿಯಲ್ಲಿ 'ಎಡ ಕಿಡ್ನಿ ನಾಳ' ಎಂದಷ್ಟೇ ಬರೆದಿದ್ದರೆ, ಟೆಲ್ಮಿಸಾರ್ಟನ್ ವಿಷಯವನ್ನೂ ಸೇರಿಸಿ ಬರೆಸಿ. ಈ ಒಂದು ಸಾಲು ಇದ್ದರೆ ರೇಡಿಯಾಲಜಿಸ್ಟ್ ನೋಡುವ ರೀತಿಯೇ ಬದಲಾಗುತ್ತದೆ.

ಡಾಪ್ಲರ್ ಕೆಟ್ಟ ಪರೀಕ್ಷೆ ಅಲ್ಲ, ಅದನ್ನು ಬೈಯಬೇಡಿ. ರಕ್ತದ ವೇಗವನ್ನು ಅಳೆಯುವ ಪರೀಕ್ಷೆ ಅದು. ಕಿರಿದಾದ ಜಾಗದಲ್ಲಿ ವೇಗ ಸೆಕೆಂಡಿಗೆ 180ರಿಂದ 200 ಸೆಂ.ಮೀ. ದಾಟಿದರೆ, ಅಥವಾ ಮಹಾಧಮನಿಯ ವೇಗಕ್ಕಿಂತ ಮೂರೂವರೆ ಪಟ್ಟು ಜಾಸ್ತಿಯಾದರೆ, ಅಲ್ಲಿ ತಡೆ ಇದೆ ಎಂದು ಹೇಳಬಹುದು. ಡೈ ಇಲ್ಲ, ವಿಕಿರಣ ಇಲ್ಲ. ಆದರೆ ಕಿಡ್ನಿ ನಾಳದ ಬುಡ ಹೊಟ್ಟೆಯ ತೀರಾ ಹಿಂಭಾಗದಲ್ಲಿ ಇರುತ್ತದೆ. ಮುಂದೆ ಕರುಳಿನ ಗ್ಯಾಸ್, ಕೊಬ್ಬು, ಮೇಲೆ ಕೆಳಗೆ ಹೋಗುವ ಉಸಿರು. ಕೊಬ್ಬು ಕಟ್ಟಿ ಕಿರಿದಾಗುವ ಕಾಯಿಲೆ ಹಿಡಿಯುವುದೂ ಹೆಚ್ಚಾಗಿ ಆ ಬುಡದಲ್ಲೇ. ಅಂದರೆ ಮುಖ್ಯವಾಗಿ ಕಾಣಬೇಕಾದ ಜಾಗವೇ ನಿಮ್ಮ ತಾಯಿಯ ಡಾಪ್ಲರ್‌ನಲ್ಲಿ ಕಾಣಲಿಲ್ಲ. ಇನ್ನೊಂದು ಮಾತು, ನಾಲ್ವರಲ್ಲಿ ಒಬ್ಬರಿಗಾದರೂ ಒಂದು ಕಿಡ್ನಿಗೆ ಒಂದಕ್ಕಿಂತ ಜಾಸ್ತಿ ನಾಳ ಇರುತ್ತದೆ. ಸಣ್ಣದಾದ ಆ ಹೆಚ್ಚುವರಿ ನಾಳ ಡಾಪ್ಲರ್‌ಗೆ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಸಿಟಿಯಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ.

ಈಗ ಸಿಟಿ ಆಂಜಿಯೋಗೆ ಬರೋಣ. ಸಾಮಾನ್ಯ ಹೊಟ್ಟೆಯ ಸಿಟಿಗೂ ಇದಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ಸಮಯದ್ದು. ಸಾಮಾನ್ಯ ಸಿಟಿಯಲ್ಲಿ ಡೈ ಕೊಟ್ಟು ಸುಮಾರು 70 ಸೆಕೆಂಡ್ ಬಿಟ್ಟು ಚಿತ್ರ ತೆಗೆಯುತ್ತಾರೆ, ಆಗ ಲಿವರ್ ಚೆನ್ನಾಗಿ ಕಾಣುತ್ತದೆ. ಆಂಜಿಯೋದಲ್ಲಿ ಡೈ ಅಪಧಮನಿಗಳಲ್ಲಿ ತುಂಬಿರುವ ಆ ಕೆಲವೇ ಸೆಕೆಂಡುಗಳನ್ನು ಹಿಡಿಯಬೇಕು. ತೋಳಿನ ರಕ್ತನಾಳಕ್ಕೆ ಸೆಕೆಂಡಿಗೆ 4ರಿಂದ 5 ಮಿಲಿ ವೇಗದಲ್ಲಿ ಪಂಪ್ ಮೂಲಕ ಡೈ ಹೋಗುತ್ತದೆ. ಮಷಿನ್ ಮಹಾಧಮನಿಯ ಒಂದು ಜಾಗವನ್ನು ನೋಡುತ್ತಾ ಕಾಯುತ್ತದೆ, ಅಲ್ಲಿ ಡೈ ಬಂತು ಎಂದಾಗ ಸ್ಕ್ಯಾನ್ ಶುರು. ಎಲ್ಲ ಮುಗಿಯಲು ಹತ್ತು ಸೆಕೆಂಡ್ ಸಾಕು. ತಡವಾದರೆ ತೊಂದರೆ. ಕಿಡ್ನಿಯಲ್ಲಿ ರಕ್ತ ಎಷ್ಟು ಬೇಗ ಓಡುತ್ತದೆ ಎಂದರೆ ಕೆಲವೇ ಸೆಕೆಂಡುಗಳಲ್ಲಿ ಡೈ ಸಿರೆಗಳಿಗೂ ಬಂದುಬಿಡುತ್ತದೆ, ಆಗ ಪಕ್ಕದಲ್ಲೇ ಇರುವ ಅಪಧಮನಿಯನ್ನು ಬೇರ್ಪಡಿಸಿ ನೋಡುವುದು ಕಷ್ಟ.

ಹಾಗಾಗಿ ನಾನು ಮಷಿನ್‌ನ ಹೆಸರಿಗಿಂತ ಮೊದಲು ಕೇಳುವುದು ಬೇರೆ ಪ್ರಶ್ನೆಗಳನ್ನು. ಡೈ ಸರಿಯಾದ ಸಮಯಕ್ಕೆ ಹಿಡಿದಿದ್ದಾರಾ? ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಸ್ಲೈಸ್‌ಗಳಿವೆಯಾ? ಉಸಿರು ಹಿಡಿದಿದ್ದರಾ? 5 ಮಿಲಿಮೀಟರ್ ದಪ್ಪದ ಸ್ಲೈಸ್‌ನಲ್ಲಿ 5 ಮಿಲಿಮೀಟರ್ ಅಗಲದ ನಾಳ ನೋಡಿ ತಡೆ ಎಷ್ಟು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಸ್ಕ್ಯಾನ್‌ಗೆ ಮೊದಲು ಉಸಿರು ಹಿಡಿಯುವುದನ್ನು ಒಂದೆರಡು ಸಲ ಅಭ್ಯಾಸ ಮಾಡಿಸಲು ಟೆಕ್ನಿಷಿಯನ್‌ಗೆ ಹೇಳಿ. ಕಿಡ್ನಿ ಉಸಿರಿನ ಜೊತೆ ಮೇಲೆ ಕೆಳಗೆ ಹೋಗುತ್ತದೆ, ಅದರ ಜೊತೆ ನಾಳವೂ ಅಲುಗಾಡುತ್ತದೆ.

ತಡೆಯ ಅಳತೆ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ, ರಿಪೋರ್ಟ್ ಓದುವಾಗ ಇದು ನೆನಪಿರಲಿ. ಕಿಡ್ನಿ ನಾಳದ ಅಗಲ ಸುಮಾರು 5ರಿಂದ 6 ಮಿಲಿಮೀಟರ್. 6 ಮಿಲಿಮೀಟರ್ ನಾಳ ಒಂದು ಜಾಗದಲ್ಲಿ 3 ಆಗಿದ್ದರೆ ಶೇಕಡಾ 50 ತಡೆ. ಅಳತೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿ 2.5 ಎಂದು ಬಂದರೆ ಅದು 58 ಆಗುತ್ತದೆ. ಒಂದು ಮಿಲಿಮೀಟರ್ ತಪ್ಪಿದರೆ 67. ಸಾಮಾನ್ಯ ಸಿಟಿ ಬೇರ್ಪಡಿಸಿ ತೋರಿಸಬಲ್ಲ ಸೂಕ್ಷ್ಮತೆಯೇ ಸುಮಾರು ಅರ್ಧ ಮಿಲಿಮೀಟರ್. ಅಂದರೆ 'ಶೇಕಡಾ 60' ಮತ್ತು 'ಶೇಕಡಾ 65' ಎಂಬ ಎರಡು ರಿಪೋರ್ಟ್‌ಗಳ ನಡುವೆ ನಿಜವಾಗಿ ವ್ಯತ್ಯಾಸವೇ ಇಲ್ಲದಿರಬಹುದು. ಜೊತೆಗೆ, ಅಗಲ ಅರ್ಧವಾದರೆ ಒಳಗಿನ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ಅದೇ ತಡೆಯನ್ನು ಒಬ್ಬರು 50 ಎನ್ನಬಹುದು, ವಿಸ್ತೀರ್ಣ ಲೆಕ್ಕ ಹಾಕುವ ಸಾಫ್ಟ್‌ವೇರ್ 75 ಎನ್ನಬಹುದು. ಯಾವುದನ್ನು ಅಳೆದಿದ್ದಾರೆ ಎಂದು ಕೇಳದೆ ಅಂಕಿಗಳನ್ನು ಹೋಲಿಸಬೇಡಿ.

ಇನ್ನೊಂದು ಕಷ್ಟ ಸುಣ್ಣದ್ದು. ವಯಸ್ಸಾದಂತೆ ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಸಿಟಿಯಲ್ಲಿ ಅದು ಡೈಗಿಂತಲೂ ಬೆಳ್ಳಗೆ ಹೊಳೆಯುತ್ತದೆ, ಕತ್ತಲಲ್ಲಿ ಎದುರಿಗೆ ಬರುವ ಗಾಡಿಯ ಹೆಡ್‌ಲೈಟ್ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಕಾಣುವ ಹಾಗೆ, ಚಿತ್ರದಲ್ಲಿ ಅದು ಹರಡಿಕೊಂಡು ನಾಳದ ಒಳಜಾಗವನ್ನು ನುಂಗುತ್ತದೆ. ಹೀಗೆ ಇಲ್ಲದ ತಡೆ ಇದ್ದಂತೆ, ಚಿಕ್ಕ ತಡೆ ದೊಡ್ಡದಾದಂತೆ ಕಾಣುತ್ತದೆ. ಇದಕ್ಕೆ ಉಪಾಯ ಓದುವವರ ಕೈಯಲ್ಲಿದೆ. ಚಿತ್ರದ ಕಪ್ಪು ಬಿಳುಪಿನ ವ್ಯಾಪ್ತಿ ಹಿಗ್ಗಿಸಿ, ಹೊಳಪು ತಗ್ಗಿಸಿ, ತೆಳು ಸ್ಲೈಸ್‌ಗಳನ್ನು ಒಂದೊಂದಾಗಿ ನೋಡಬೇಕು, ಆಮೇಲೆ ನಾಳದ ಉದ್ದಕ್ಕೆ ಬಿಡಿಸಿ ನೋಡಬೇಕು, ಅದಕ್ಕೆ ಅಡ್ಡವಾಗಿ ಕತ್ತರಿಸಿಯೂ ನೋಡಬೇಕು. ರಿಪೋರ್ಟ್ ಜೊತೆ ಕೊಡುವ ಬಣ್ಣದ ಮೂರು ಆಯಾಮದ ಚಿತ್ರಗಳಿವೆಯಲ್ಲ, ಅವು ನಾಳಗಳ ದಾರಿ ತೋರಿಸಲು ಚೆನ್ನ. ತಡೆ ಅಳೆಯಲು ಅವನ್ನು ನಂಬಬಾರದು. ಆ ಚಿತ್ರದಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಒಳ್ಳೆಯ ನಾಳವೂ ತುಂಡಾದಂತೆ ಕಾಣುತ್ತದೆ.

ಸಿಟಿ ಎಷ್ಟು ನಂಬಿಕೆಗೆ ಅರ್ಹ? ಒಳ್ಳೆಯ ಕೇಂದ್ರಗಳಲ್ಲಿ, ಅನುಭವ ಇರುವವರು ಓದಿದಾಗ, ದೊಡ್ಡ ತಡೆ ಇದ್ದರೆ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಸಲ ಹಿಡಿಯುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ 2004ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಬಂದ ರ‍್ಯಾಡಿಶ್ ಎಂಬ ಅಧ್ಯಯನ ನಮ್ಮನ್ನೆಲ್ಲ ಎಚ್ಚರಿಸಿತು. 356 ರೋಗಿಗಳಲ್ಲಿ ಸಿಟಿ ಆಂಜಿಯೋ, ಎಂಆರ್ ಆಂಜಿಯೋ (ಎಂಆರ್‌ಐ ಮಷಿನ್‌ನಲ್ಲಿ ನಾಳ ನೋಡುವುದು) ಎರಡನ್ನೂ, ನಾಳದೊಳಗೆ ಸಣ್ಣ ನಳಿಕೆ ಹಾಕಿ ಡೈ ಬಿಟ್ಟು ನೋಡುವ ಕ್ಯಾಥೆಟರ್ ಆಂಜಿಯೋಗ್ರಾಂ ಜೊತೆ ಹೋಲಿಸಿದರು. ಸಿಟಿ ನಿಜವಾದ ಕಾಯಿಲೆಯಲ್ಲಿ ಶೇಕಡಾ 64 ಮಾತ್ರ ಹಿಡಿಯಿತು, ಎಂಆರ್ 62. ಕಾಯಿಲೆ ಇಲ್ಲದವರಲ್ಲಿ ಇಲ್ಲ ಎಂದು ಹೇಳಿದ್ದು ಸಿಟಿಯಲ್ಲಿ 92, ಎಂಆರ್‌ನಲ್ಲಿ 84. ಅಂದಿನ ಮಷಿನ್‌ಗಳು ಈಗಿನವಲ್ಲ ನಿಜ. ಆದರೂ ಆ ಅಧ್ಯಯನದ ಪಾಠ ಇನ್ನೂ ಹಳತಾಗಿಲ್ಲ ಎಂಬುದು ನನ್ನ ಅಭಿಪ್ರಾಯ: ಅನುಮಾನ ಬಲವಾಗಿದ್ದು ಸಿಟಿ 'ನಾರ್ಮಲ್' ಎಂದರೆ, ಅಲ್ಲಿಗೇ ಫೈಲ್ ಮುಚ್ಚಬಾರದು.

ಅದರಲ್ಲೂ ಒಂದು ಕಾಯಿಲೆ ಸಿಟಿಗೆ ತಪ್ಪಿಸಿಕೊಳ್ಳುತ್ತದೆ. ಫೈಬ್ರೋಮಸ್ಕ್ಯುಲರ್ ಡಿಸ್ಪ್ಲೇಸಿಯಾ ಎನ್ನುತ್ತಾರೆ. ಕೊಬ್ಬಿಗೂ ಇದಕ್ಕೂ ಸಂಬಂಧ ಇಲ್ಲ, ನಾಳದ ಗೋಡೆಯ ರಚನೆಯೇ ಬದಲಾಗಿ ಅಲ್ಲಲ್ಲಿ ಬಿಗಿದು ಅಲ್ಲಲ್ಲಿ ಉಬ್ಬಿ ಮಣಿಸರದಂತೆ ಕಾಣುತ್ತದೆ. ಬಂದವರಲ್ಲಿ ಬಹುಪಾಲು ಹೆಂಗಸರು. ಇದು ಬುಡದಲ್ಲಿ ಬರುವುದಿಲ್ಲ, ನಾಳದ ಮಧ್ಯದಲ್ಲಿ ಮತ್ತು ಕಿಡ್ನಿಯ ಹತ್ತಿರದ ಕವಲುಗಳಲ್ಲಿ ಬರುತ್ತದೆ. ಒಳಗಿನ ತಡೆ ತೆಳುವಾದ ಪೊರೆಯ ಹಾಗಿದ್ದರೆ ಸಿಟಿಯ ಸೂಕ್ಷ್ಮತೆಗೆ ಅದು ಸಿಗುವುದೇ ಇಲ್ಲ. ನಿಮ್ಮ ತಾಯಿಯ ವಯಸ್ಸು, ಹಳೆಯ ಬಿಪಿ ನೋಡಿದರೆ ಕೊಬ್ಬಿನ ಕಾಯಿಲೆಯ ಸಾಧ್ಯತೆಯೇ ಜಾಸ್ತಿ. ಕಿಡ್ನಿ ನಾಳ ಕಿರಿದಾದವರಲ್ಲಿ ಸುಮಾರು ಶೇಕಡಾ 90 ಅದೇ. ಆದರೂ ಹೆಂಗಸು ಎಂಬ ಕಾರಣಕ್ಕೆ ಕವಲುಗಳನ್ನೂ ನೋಡಿ ಎಂದು ಹೇಳುವುದರಲ್ಲಿ ನಷ್ಟವಿಲ್ಲ. ಮಣಿಸರ ಕಂಡರೆ ಚಿಕಿತ್ಸೆಯೇ ಬೇರೆ, ಬಲೂನ್‌ನಿಂದ ನಾಳ ಹಿಗ್ಗಿಸುವುದಷ್ಟೇ, ಸಾಮಾನ್ಯವಾಗಿ ಸ್ಟೆಂಟ್ ಬೇಡ. ಕುತ್ತಿಗೆ ಮತ್ತು ಮೆದುಳಿನ ನಾಳಗಳನ್ನೂ ಒಂದು ಸಲ ನೋಡಬೇಕಾಗುತ್ತದೆ. ಚಿಕ್ಕ ವಯಸ್ಸಿನವರಾಗಿದ್ದರೆ ಟಕಯಾಸು ಎಂಬ ಉರಿಯೂತದ ಕಾಯಿಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದೆವು, ಅಲ್ಲಿ ಸಿಟಿ ನಾಳದ ಗೋಡೆ ದಪ್ಪವಾಗಿರುವುದನ್ನೇ ತೋರಿಸಿಬಿಡುತ್ತದೆ.

ಹೊಸ ಮಷಿನ್‌ಗಳ ವಿಷಯ. ಡ್ಯುಯಲ್ ಎನರ್ಜಿ ಸಿಟಿ ಒಂದೇ ಜಾಗವನ್ನು ಎರಡು ಶಕ್ತಿಯ ಎಕ್ಸ್-ರೇಗಳಿಂದ ನೋಡುತ್ತದೆ. ಡೈಯಲ್ಲಿರುವ ಅಯೋಡಿನ್ ಮತ್ತು ಗೋಡೆಯ ಕ್ಯಾಲ್ಸಿಯಂ ಆ ಎರಡು ಶಕ್ತಿಗಳಲ್ಲಿ ಬೇರೆ ಬೇರೆ ರೀತಿ ವರ್ತಿಸುತ್ತವೆ, ಆದ್ದರಿಂದ ಎರಡನ್ನೂ ಬೇರ್ಪಡಿಸಬಹುದು. ಸುಣ್ಣವನ್ನು ಚಿತ್ರದಿಂದ ತೆಗೆದು ನೋಡಬಹುದು. ಕಿಡ್ನಿಯ ಯಾವ ಭಾಗಕ್ಕೆ ಅಯೋಡಿನ್ ಎಷ್ಟು ತಲುಪಿತು ಎಂಬ ನಕ್ಷೆಯನ್ನೂ ತೆಗೆಯಬಹುದು. ಇನ್ನೂ ಒಂದು ಲಾಭ ಇದೆ, ನನಗೆ ಅದೇ ದೊಡ್ಡದು. ಅಯೋಡಿನ್ 33 ಕಿಲೋ ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನ ಎಕ್ಸ್-ರೇಗಳನ್ನು ತುಂಬಾ ಚೆನ್ನಾಗಿ ತಡೆಯುತ್ತದೆ. ಹಾಗಾಗಿ ಕಡಿಮೆ ಶಕ್ತಿಯ ಚಿತ್ರ ಮಾಡಿದಷ್ಟೂ ಸ್ವಲ್ಪ ಡೈಯೇ ಹೆಚ್ಚು ಹೊಳೆಯುತ್ತದೆ, ಅಂದರೆ ಡೈ ಪ್ರಮಾಣ ತಗ್ಗಿಸಬಹುದು. ಫೋಟಾನ್ ಕೌಂಟಿಂಗ್ ಸಿಟಿ 2021ರಲ್ಲಿ ರೋಗಿಗಳ ಬಳಕೆಗೆ ಬಂತು. ಅದು ಒಂದೊಂದು ಫೋಟಾನನ್ನೂ ಎಣಿಸಿ ಅದರ ಶಕ್ತಿಯನ್ನೂ ಗುರುತಿಸುತ್ತದೆ, ಸುಮಾರು 0.2 ಮಿಲಿಮೀಟರ್‌ವರೆಗಿನ ಸೂಕ್ಷ್ಮತೆ ಕೊಡುತ್ತದೆ. ಮೇಲೆ ಹೇಳಿದ ಅರ್ಧ ಮಿಲಿಮೀಟರ್ ಲೆಕ್ಕ ನೆನಪಿಸಿಕೊಳ್ಳಿ, ಇದರಿಂದ ಸುಣ್ಣ ಹರಡಿಕೊಳ್ಳುವುದು ಎಷ್ಟು ಕಡಿಮೆಯಾಗುತ್ತದೆ ಎಂದು ಗೊತ್ತಾಗುತ್ತದೆ.

ನಿಮ್ಮ ತಾಯಿಗೆ ಇದು ಬೇಕೇ ಬೇಕಾ? ಇಲ್ಲ. ನಾಳದಲ್ಲಿ ತುಂಬಾ ಸುಣ್ಣ ಇರುವವರಿಗೆ, ಮೊದಲೇ ಸ್ಟೆಂಟ್ ಹಾಕಿದ್ದು ಅದರೊಳಗೆ ಮತ್ತೆ ಕಿರಿದಾಗಿದೆಯಾ ಎಂದು ನೋಡಬೇಕಾದವರಿಗೆ, ಕಿಡ್ನಿ ತೀರಾ ದುರ್ಬಲವಾಗಿದ್ದು ಡೈ ಉಳಿಸಲೇಬೇಕಾದವರಿಗೆ ಇವು ನಿಜವಾಗಿ ಉಪಯೋಗ. ಉಳಿದವರಿಗೆ 64 ಸ್ಲೈಸ್‌ನ ಒಳ್ಳೆಯ ಮಷಿನ್ ಸಾಕು. ಮೈಕಟ್ಟು ಸಣ್ಣದಿದ್ದರೆ ಸಾಮಾನ್ಯ ಮಷಿನ್‌ನಲ್ಲೇ 120ರ ಬದಲು 80 ಅಥವಾ 100 ಕಿಲೋವೋಲ್ಟ್ ಇಟ್ಟು ತೆಗೆದರೆ ಅಯೋಡಿನ್‌ನ ಅದೇ ಲಾಭದಲ್ಲಿ ದೊಡ್ಡ ಪಾಲು ಸಿಗುತ್ತದೆ, ವಿಕಿರಣವೂ ಕಡಿಮೆ. ಹೊಸ ಮಷಿನ್‌ನಲ್ಲಿ ಅವಸರದಲ್ಲಿ ಓದಿದ ಸ್ಕ್ಯಾನ್‌ಗಿಂತ, ಹಳೆಯ ಮಷಿನ್‌ನಲ್ಲಿ ಸರಿಯಾಗಿ ತೆಗೆದು, ರಕ್ತನಾಳದ ಚಿತ್ರಗಳನ್ನು ದಿನಾ ಓದುವವರು ಓದಿದ ಸ್ಕ್ಯಾನ್ ಮೇಲು.

ಡೈ ಹೆದರಿಕೆ ಎಲ್ಲಿಂದ ಬಂತು ಎಂದು ನನಗೆ ಅರ್ಥವಾಗುತ್ತದೆ. ಹಿಂದೆ ನಾವೇ, ಅಂದರೆ ವೈದ್ಯರೇ, ಸಿಟಿ ಆದ ಮೇಲೆ ಕ್ರಿಯಾಟಿನಿನ್ ಏರಿದರೆ ಎಲ್ಲವನ್ನೂ ಡೈ ತಲೆಗೆ ಕಟ್ಟುತ್ತಿದ್ದೆವು. ಆಮೇಲೆ ಡೈ ಕೊಟ್ಟವರನ್ನೂ, ಅದೇ ಸ್ಥಿತಿಯಲ್ಲಿದ್ದು ಡೈ ಇಲ್ಲದೆ ಸಿಟಿ ಮಾಡಿಸಿದವರನ್ನೂ ಹೋಲಿಸಿದಾಗ, ಅನೇಕರಲ್ಲಿ ಕ್ರಿಯಾಟಿನಿನ್ ಏರಿದ್ದಕ್ಕೆ ಮೂಲ ಕಾಯಿಲೆಯೇ ಕಾರಣ ಎಂದು ಕಂಡಿತು. ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ನ್ಯಾಷನಲ್ ಕಿಡ್ನಿ ಫೌಂಡೇಶನ್ 2020ರಲ್ಲಿ ಒಟ್ಟಾಗಿ ಕೊಟ್ಟ ಹೇಳಿಕೆ ಪ್ರಕಾರ, ಸಿರೆಗೆ ಕೊಡುವ ಡೈಯಿಂದ ನಿಜವಾಗಿ ಚಿಂತೆ ಮಾಡಬೇಕಾದವರು ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಅಂಕಿ) 30ಕ್ಕಿಂತ ಕಡಿಮೆ ಇರುವವರು, ಮತ್ತು ಕಿಡ್ನಿಗೆ ಆಗಷ್ಟೇ ಪೆಟ್ಟು ಬಿದ್ದು ಕ್ರಿಯಾಟಿನಿನ್ ಏರುತ್ತಿರುವವರು. ಅಂಥವರಿಗೆ ಮೊದಲೇ ಸಲೈನ್ ಕೊಡುತ್ತಾರೆ. 61 ವರ್ಷದ ಹೆಂಗಸಿಗೆ ಕ್ರಿಯಾಟಿನಿನ್ 1.2 ಎಂದರೆ ಇಜಿಎಫ್‌ಆರ್ ಸುಮಾರು 50. 1.6 ಇದ್ದಾಗ ಅದು ಸುಮಾರು 36 ಆಗಿತ್ತು. ಒಂದು ಮುಖ್ಯ ಮಾತು, ಕ್ರಿಯಾಟಿನಿನ್ ಏರಿಳಿಯುತ್ತಿರುವಾಗ ಈ ಇಜಿಎಫ್‌ಆರ್ ಲೆಕ್ಕವೇ ನಂಬುವಂತಿರುವುದಿಲ್ಲ. ಆದ್ದರಿಂದ ಸ್ಕ್ಯಾನ್‌ಗೆ ಮೊದಲು ಇನ್ನೊಂದು ಸಲ ಪರೀಕ್ಷೆ ಮಾಡಿಸಿ, 1.2ರ ಆಸುಪಾಸಿನಲ್ಲೇ ಇದೆ ಎಂದು ನೋಡಿಕೊಳ್ಳಿ.

ನೀವು ಮಾಡಬಹುದಾದದ್ದು ಇಷ್ಟು. ಹಿಂದಿನ ದಿನದಿಂದಲೇ, ಹೃದಯದ ತೊಂದರೆ ಇಲ್ಲದಿದ್ದರೆ, ಚೆನ್ನಾಗಿ ನೀರು ಕುಡಿಸಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಆ ದಿನಗಳಲ್ಲಿ ಬೇಡವೇ ಬೇಡ. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ ಅದನ್ನು 48 ಗಂಟೆ ನಿಲ್ಲಿಸುತ್ತಾರೆ. ಹಿಂದೆ ಡೈ ಕೊಟ್ಟಾಗ ಮೈಯೆಲ್ಲ ದದ್ದು, ಉಸಿರುಕಟ್ಟು ಆಗಿದ್ದರೆ ಮುಚ್ಚಿಡಬೇಡಿ. ಡೈ ಹೋಗುವಾಗ ಮೈ ಬಿಸಿಯಾಗುವುದು, ಮೂತ್ರ ಹೋದಂತೆ ಅನಿಸುವುದು ಸಹಜ, ಅದನ್ನು ತಾಯಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಆ ಕ್ಷಣಕ್ಕೆ ಬೆಚ್ಚಿ ಉಸಿರು ಬಿಟ್ಟುಬಿಡುತ್ತಾರೆ, ಚಿತ್ರ ಹಾಳು. ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ವಿಕಿರಣಕ್ಕೆ ಜಾಸ್ತಿ ಜಾಗ ಕೊಡುವುದಿಲ್ಲ. ಭೂಮಿಯ ಮೇಲೆ ಬದುಕುವ ಯಾರಿಗಾದರೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜವಾಗಿಯೇ ಸಿಗುತ್ತದೆ. ಈ ಸ್ಕ್ಯಾನ್‌ನಲ್ಲಿ ಸಿಗುವುದು ಅಂಥ ಕೆಲವು ವರ್ಷಗಳಷ್ಟು. 61ರ ವಯಸ್ಸಿನಲ್ಲಿ, ಇಷ್ಟು ಗಟ್ಟಿ ಕಾರಣ ಇರುವಾಗ, ಅದು ಅಡ್ಡಿಯಾಗಬಾರದು. ಡೈ ಆಗುವುದೇ ಇಲ್ಲ ಎನ್ನುವವರಿಗೆ ಎಂಆರ್ ಆಂಜಿಯೋ ಇದೆ, ಡೈ ಇಲ್ಲದೆಯೂ ಮಾಡುವ ವಿಧಾನಗಳಿವೆ. ಆದರೆ ಅದು ತಡೆಯನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುವುದುಂಟು.

ಇನ್ನು ಸ್ಟೆಂಟ್. ಒಂದು ಕಾಲದಲ್ಲಿ ತಡೆ ಕಂಡರೆ ತೆರೆಯಬೇಕು ಎಂಬುದೇ ಸಹಜ ಯೋಚನೆಯಾಗಿತ್ತು. ಅದನ್ನು ಎರಡು ದೊಡ್ಡ ಅಧ್ಯಯನಗಳು ಬದಲಿಸಿದವು. 2009ರ ಆಸ್ಟ್ರಲ್‌ನಲ್ಲಿ 806 ರೋಗಿಗಳಿದ್ದರು, 2014ರ ಕೋರಲ್‌ನಲ್ಲಿ 947. ಎರಡರಲ್ಲೂ ಕೊಬ್ಬಿನಿಂದ ಕಿರಿದಾದ ನಾಳಗಳೇ. ಒಳ್ಳೆಯ ಔಷಧಿ ಮಾತ್ರ ಕೊಟ್ಟವರಿಗೂ, ಔಷಧಿ ಜೊತೆ ನಾಳ ತೆರೆದವರಿಗೂ ಕಿಡ್ನಿ ಉಳಿಯುವುದರಲ್ಲಿ, ಹೃದಯಾಘಾತದಲ್ಲಿ, ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕೋರಲ್‌ನಲ್ಲಿ ಸ್ಟೆಂಟ್ ಹಾಕಿದವರ ಬಿಪಿ ಸರಾಸರಿ 2.3 ಅಂಕಿ ಮಾತ್ರ ಕಡಿಮೆಯಿತ್ತು. ಇನ್ನೊಂದು ವಿಷಯ ಗಮನಿಸಿ, ಕೋರಲ್‌ನಲ್ಲಿ ಕೊಟ್ಟ ಮುಖ್ಯ ಔಷಧಿ ಕ್ಯಾಂಡೆಸಾರ್ಟನ್, ಅಂದರೆ ಟೆಲ್ಮಿಸಾರ್ಟನ್‌ನ ಗುಂಪಿನದೇ. ನಾಳ ಕಿರಿದಾಗಿದೆ ಎಂದ ಮಾತ್ರಕ್ಕೆ ಈ ಗುಂಪಿನ ಮಾತ್ರೆ ಜೀವಮಾನಕ್ಕೆ ನಿಷೇಧ ಅಲ್ಲ. ಒಂದೇ ಕಡೆಯ ಕಾಯಿಲೆಯಾಗಿದ್ದರೆ, ಕಡಿಮೆ ಡೋಸ್‌ನಿಂದ ಶುರು ಮಾಡಿ, ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಶಿಯಂ ನೋಡುತ್ತಾ ಕೊಡುವವರಿದ್ದಾರೆ. ಅದನ್ನು ನಿಮ್ಮ ಕಿಡ್ನಿ ತಜ್ಞರು ನಿರ್ಧರಿಸಬೇಕು, ಸಿಟಿ ಬರುವ ಮೊದಲು ಅಲ್ಲ.

ಹಾಗಂತ ಸ್ಟೆಂಟ್‌ಗೆ ಬೆಲೆಯೇ ಇಲ್ಲ ಎಂದಲ್ಲ. ಆ ಅಧ್ಯಯನಗಳಿಗೆ ತೀರಾ ಕಷ್ಟದಲ್ಲಿದ್ದವರು ಹೆಚ್ಚಾಗಿ ಸೇರಲೇ ಇಲ್ಲ. ಎರಡೂ ಕಡೆ ದೊಡ್ಡ ತಡೆ ಇದ್ದು ಇದ್ದಕ್ಕಿದ್ದಂತೆ ಶ್ವಾಸಕೋಶದಲ್ಲಿ ನೀರು ತುಂಬುವವರು, ಕೆಲವೇ ತಿಂಗಳಲ್ಲಿ ಕಿಡ್ನಿ ಕುಸಿಯುತ್ತಿರುವವರು, ಎಲ್ಲ ಔಷಧಿ ಸರಿಯಾಗಿ ಕೊಟ್ಟರೂ ಬಿಪಿ ಬಗ್ಗದವರು, ಇವರಿಗೆ ತೆರೆಯುವುದು ಜೀವ ಉಳಿಸಬಹುದು. 50ರಿಂದ 70ರ ನಡುವಿನ ತಡೆಯಲ್ಲಿ ಚಿತ್ರ ನಂಬಿ ಹೊರಡಬಾರದು. ಕ್ಯಾಥೆಟರ್ ಹಾಕಿ ತಡೆಯ ಆಚೆ ಈಚೆ ಒತ್ತಡ ಅಳೆಯಬೇಕು. ಮೇಲಿನ ಒತ್ತಡದಲ್ಲಿ 20ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ತಡೆ ನಿಜವಾಗಿ ತೊಂದರೆ ಕೊಡುತ್ತಿದೆ ಎಂದು ಅರ್ಥ. ಇಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ, ಆ ಕಿಡ್ನಿಯಲ್ಲಿ ಉಳಿಸಲು ಏನಾದರೂ ಇದೆಯಾ? 7 ಸೆಂ.ಮೀ.ಗೆ ಕುಗ್ಗಿ, ಹೊರಪದರ ತೆಳುವಾಗಿ ಹೋಗಿದ್ದರೆ ನಾಳ ತೆರೆದು ಪ್ರಯೋಜನ ಕಡಿಮೆ. ನಿಮ್ಮ ತಾಯಿಯದು 8.9, ಆದ್ದರಿಂದ ಹೊರಪದರದ ದಪ್ಪ ಎಷ್ಟಿದೆ ಎಂಬುದು ಸಿಟಿಯಿಂದ ಬರಬೇಕಾದ ಬಹಳ ಬೆಲೆಯುಳ್ಳ ಮಾಹಿತಿ. ತಡೆಯ ಶೇಕಡಾ ಅಂಕಿಗಿಂತ ನಾನು ಅದನ್ನೇ ಮೊದಲು ನೋಡುತ್ತೇನೆ.

ರಿಪೋರ್ಟ್‌ನಲ್ಲಿ ಪ್ರತಿ ಕಡೆ ಎಷ್ಟು ನಾಳ, ತಡೆ ಬುಡದಲ್ಲಾ ಮಧ್ಯದಲ್ಲಾ, ಸುಣ್ಣ ಎಷ್ಟು, ಕವಲುಗಳು ಹೇಗಿವೆ, ಕಿಡ್ನಿಯ ಉದ್ದ ಮತ್ತು ಹೊರಪದರದ ದಪ್ಪ, ಮಹಾಧಮನಿ ಹೇಗಿದೆ, ಇವೆಲ್ಲ ಇರಲಿ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಬಗ್ಗೆಯೂ ಒಂದು ಸಾಲು ಇರಬೇಕು. ಮಾತ್ರೆಗೆ ಬಗ್ಗದ ಬಿಪಿಗೆ ಆ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಎಂಬ ಹಾರ್ಮೋನ್ ಜಾಸ್ತಿ ಬರುವುದೂ ಸಾಮಾನ್ಯ ಕಾರಣ, ಕಿಡ್ನಿ ನಾಳದ ಹಿಂದೆ ಓಡುವಾಗ ಅದನ್ನು ಮರೆತುಬಿಡುತ್ತಾರೆ. ಅದನ್ನು ಹಿಡಿಯುವುದು ಆಲ್ಡೋಸ್ಟೆರಾನ್ ಮತ್ತು ರೆನಿನ್‌ನ ರಕ್ತ ಪರೀಕ್ಷೆಯಿಂದ, ಸಿಟಿಯಿಂದಲ್ಲ. ಇನ್ನೂ ಮಾಡಿಸಿಲ್ಲದಿದ್ದರೆ ವೈದ್ಯರನ್ನು ಕೇಳಿ. ಮತ್ತೆ, ಫಿಲ್ಮ್ ಮಾತ್ರ ತೆಗೆದುಕೊಂಡು ಬರಬೇಡಿ. ತೆಳು ಸ್ಲೈಸ್‌ಗಳಿರುವ ಪೂರ್ತಿ ಡಿಜಿಟಲ್ ಚಿತ್ರಗಳನ್ನು ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಪಡೆಯಿರಿ. ಎರಡನೇ ಅಭಿಪ್ರಾಯ ಬೇಕಾದಾಗ ಫಿಲ್ಮ್‌ನಿಂದ ಏನೂ ಆಗುವುದಿಲ್ಲ, ಸ್ಕ್ಯಾನ್ ಮತ್ತೆ ಮಾಡಬೇಕಾಗುತ್ತದೆ, ಡೈ ಕೂಡ ಮತ್ತೆ.

ಸ್ಕ್ಯಾನ್ ದಿನಕ್ಕೆ ಕಾಯುತ್ತಿರುವಾಗ ರಾತ್ರಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಮಲಗಲಾಗದೆ ಎದ್ದು ಕೂತರೆ, ಮೂತ್ರ ತೀರಾ ಕಡಿಮೆಯಾದರೆ, ಅಥವಾ ಪಕ್ಕೆಯಲ್ಲಿ ಜೋರು ನೋವು ಬಂದು ಮೂತ್ರ ಕೆಂಪಾದರೆ, ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಆಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಹೋಗುವಾಗ ಹಳೆಯ ಕ್ರಿಯಾಟಿನಿನ್ ರಿಪೋರ್ಟ್‌ಗಳು ಮತ್ತು ಡಾಪ್ಲರ್ ರಿಪೋರ್ಟ್ ಜೊತೆಗಿರಲಿ.